ಆಟದ ಬಂದೂಕು, ಪಕ್ಕದ ಮನೆ

ಮದುವೆಯಾದ ಹೊಸತರಲ್ಲಿ ನಾನು ವಾರವೆಲ್ಲ ತಿರುವನಂತಪುರದಲ್ಲಿರುತ್ತಿದ್ದೆ, ಶನಿವಾರ ಭಾನುವಾರ ಮಾತ್ರ ಕೊಚ್ಚಿಯಲ್ಲಿ. ನನ್ನ ಕೆಲಸ ತಿರುವನಂತಪುರದ ಐಟಿ ಪಾರ್ಕಿನಲ್ಲಿ, ಗಂಡನ ಕೆಲಸ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಶಿಪ್ಪಿಂಗ್ ಕಚೇರಿಯಲ್ಲಿ. ಇಬ್ಬರೂ ಮೈಸೂರಿನ ಒಂದೇ ಕಾಲೇಜಿನಲ್ಲಿ ಓದಿದವರು. ಅವನು ಕಾಲೇಜಿನ ವರ್ಕ್‌ಶಾಪನ್ನು ಕಂಡರೆ ತಲೆನೋವು ಎಂದು ತಪ್ಪಿಸಿಕೊಳ್ಳುತ್ತಿದ್ದ. ನಾನು ಎಲ್ಲರಿಗಿಂತ ಮೊದಲು ಹೋಗಿ ಕೊನೆಗೆ ಬರುತ್ತಿದ್ದೆ. ಯಾವ ಯಂತ್ರ ಸಿಕ್ಕರೂ ಬಿಚ್ಚಿ ನೋಡದಿದ್ದರೆ ನನಗೆ ಕೈ ತಡೆಯುತ್ತಿರಲಿಲ್ಲ.

ಫೋರ್ಟ್ ಕೊಚ್ಚಿಯಲ್ಲಿ ನಾವಿದ್ದದ್ದು ಒಂದು ಹಳೆಯ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ. ಅವರನ್ನು ಇಡೀ ಬೀದಿ 'ಟೀಚರ್' ಎಂದೇ ಕರೆಯುತ್ತಿತ್ತು, ನಾವೂ ಹಾಗೇ ಕರೆದೆವು. ಮೈಸೂರಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿ, ಹಾಸ್ಟೆಲ್ ನೋಡಿಕೊಂಡು, ನಿವೃತ್ತರಾದ ಮೇಲೆ ಊರಿಗೆ ಮರಳಿದವರು. ಮದುವೆಯಾಗಿರಲಿಲ್ಲ. ನಾವು ಮನೆ ಕೇಳಲು ಹೋದ ದಿನ ನಮ್ಮಿಬ್ಬರ ಕನ್ನಡ ಕಿವಿಗೆ ಬಿದ್ದದ್ದೇ, "ಅಯ್ಯೋ, ಮೈಸೂರಾ?" ಎಂದು ಬಾಗಿಲು ಪೂರಾ ತೆರೆದುಬಿಟ್ಟರು. ಬೇರೇನೂ ವಿಚಾರಿಸಲಿಲ್ಲ.

ಕಾಂಪೌಂಡಿನ ಆಚೆ ಒಂದು ಹೋಂಸ್ಟೇ. ಹಿಂದೆ ಮೀನಿನ ದೋಣಿಯಲ್ಲಿ ದುಡಿಯುತ್ತಿದ್ದ ಒಬ್ಬರು ಮನೆಯ ಎರಡು ಕೋಣೆಗಳನ್ನು ಚೆಂದ ಮಾಡಿ ವಿದೇಶಿ ಪ್ರವಾಸಿಗರಿಗೆ ಬಿಡುತ್ತಿದ್ದರು. ಅವರನ್ನು ನಾವು ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆವು, ಹೆಂಡತಿಯನ್ನು ಚೇಚ್ಚಿ, ಅಕ್ಕ. ಅಂಗಳಕ್ಕೆ ಬಿಳಿ ಬೆಣಚುಕಲ್ಲು ಹಾಸಿ, ನಡುವೆ ಒಂದು ಮೇಜು ಹಾಕಿ, ಸಂಜೆಯ ಚಹಾವನ್ನು ಅತಿಥಿಗಳಿಗೆ ಅಲ್ಲೇ ಕೊಡುತ್ತಿದ್ದರು. ಒಳ್ಳೆಯ ಕರಿಮೀನು ಬಂದ ದಿನ ಗೋಡೆಯ ಮೇಲಿಂದ ನಮಗೂ ಒಂದು ತಟ್ಟೆ ಬರುತ್ತಿತ್ತು. ಒಂದು ಕಾಲಕ್ಕೆ ಆತ ಕುಡಿದು ಬೀದಿಯಲ್ಲಿ ಬೀಳುತ್ತಿದ್ದರಂತೆ, ಈಗ ಪೂರ್ತಿ ಬಿಟ್ಟಿದ್ದಾರೆ ಎಂದು ಟೀಚರ್ ಹೇಳಿದ್ದರು. ಆ ಮಾತನ್ನು ಅವರು ಹೇಳಿದ ರೀತಿಯಲ್ಲೇ ಅದು ಆ ಮನೆಗೆ ಎಷ್ಟು ದೊಡ್ಡದೆಂದು ತಿಳಿಯುತ್ತಿತ್ತು.

ಬಂದೂಕು ನನಗೆ ಸಿಕ್ಕಿದ್ದು ಆಫೀಸಿನಲ್ಲಿ. ಸಹೋದ್ಯೋಗಿಯೊಬ್ಬ ಕೆಲಸದ ಮೇಲೆ ಹಾಂಗ್‌ಕಾಂಗಿಗೆ ಹೋಗಿದ್ದವನು ಅಲ್ಲಿಂದ ಒಂದು ಏರ್‌ಸಾಫ್ಟ್ ಬಂದೂಕು ತಂದಿದ್ದ. ನೋಡಲು ಸೈನಿಕರ ರೈಫಲ್ಲಿನ ಹಾಗೆಯೇ. ಹಾರಿಸುವುದು ಮಾತ್ರ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಪ್ಲಾಸ್ಟಿಕ್ ಗುಂಡು. ಬ್ಯಾಟರಿ, ಮೋಟಾರು, ಗೇರು, ಗಾಳಿ, ಇಷ್ಟರಿಂದಲೇ ನಡೆಯುವ ಆಟದ ಸಾಮಾನು. ಆದರೆ ಅದು ಕೆಟ್ಟಿತ್ತು. ಪಕ್ಕದಲ್ಲಿದ್ದ ಸಣ್ಣ ಹಿಡಿಯನ್ನು, ಅಂದರೆ ಸೆಲೆಕ್ಟರನ್ನು, ಒಂದೊಂದೇ ಗುಂಡಿಗೆ ತಿರುಗಿಸಿಟ್ಟರೂ ಟ್ರಿಗರ್ ಒತ್ತಿದರೆ ಸರಪಟಾಕಿಯ ಹಾಗೆ ಒಂದೇ ಸಮನೆ ಹಾರುತ್ತಿತ್ತು. "ಬೇಕಾದರೆ ನೀನೇ ಇಟ್ಟುಕೋ, ಬಿಚ್ಚಿ ನೋಡು" ಎಂದು ಅವನು ಕೊಟ್ಟುಬಿಟ್ಟ. ನಾನು ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ತುರುಕಿ, ಶುಕ್ರವಾರದ ರೈಲಿನಲ್ಲಿ ಕೊಚ್ಚಿಗೆ ತಂದೆ. ದಾರಿಯುದ್ದಕ್ಕೂ ಬ್ಯಾಗನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡಿದ್ದೆ. ತಪ್ಪು ಮಾಡುತ್ತಿದ್ದೇನೆಂಬ ಅಳುಕು ಒಂದಿಷ್ಟಿತ್ತು, ಬಿಚ್ಚಿ ನೋಡುವ ಆಸೆ ಅದಕ್ಕಿಂತ ಹೆಚ್ಚಿತ್ತು.

ಶನಿವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಗೇರ್‌ಬಾಕ್ಸ್ ಬಿಚ್ಚಿದೆ. ಮುಚ್ಚಳ ತೆಗೆಯುತ್ತಲೇ ಸ್ಪ್ರಿಂಗ್ ಹಾರಿ ಹೋಗಿ ಕುಕ್ಕರಿನ ಹಿಂದೆ ಬಿತ್ತು. ಗಂಡ ಅದನ್ನು ಹುಡುಕಿಕೊಟ್ಟು, "ನೀನು ಇದನ್ನ ಮತ್ತೆ ಜೋಡಿಸ್ತೀಯಾ? ನಂಗೆ ನಂಬಿಕೆ ಇಲ್ಲ ಕಣೇ" ಎಂದು ಪೇಪರ್ ಓದಲು ಕುಳಿತ.

ಒಳಗಿನ ಏರ್ಪಾಟು ತಿಳಿಯುತ್ತ ಹೋದ ಹಾಗೆ ನನಗೆ ಹಸಿವೆ ಮರೆತುಹೋಯಿತು. ಟ್ರಿಗರ್ ಎಂಬುದು ತಾನಾಗಿ ಏನನ್ನೂ ಹಾರಿಸುವುದಿಲ್ಲ, ಅದು ಬರೀ ಒಂದು ಸ್ವಿಚ್ಚು. ಒತ್ತಿದರೆ ಒಂದು ಪುಟ್ಟ ಜಾರುವ ತುಂಡನ್ನು ಹಿಂದಕ್ಕೆ ತಳ್ಳುತ್ತದೆ. ಆ ತುಂಡು ಎರಡು ತಾಮ್ರದ ಪಟ್ಟಿಗಳಿಗೆ ತಾಗಿದ ಕೂಡಲೇ ಮೋಟಾರು ತಿರುಗುತ್ತದೆ. ಮೋಟಾರಿನಿಂದ ಮೂರು ಗೇರುಗಳು. ಕೊನೆಯ ಗೇರಿಗೆ ಸುತ್ತಲೂ ಹಲ್ಲಿಲ್ಲ, ಅರ್ಧ ಸುತ್ತಿಗೆ ಮಾತ್ರ. ಹಲ್ಲಿರುವ ತನಕ ಅದು ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅಮುಕುತ್ತದೆ. ಹಲ್ಲು ಮುಗಿದಾಗ ಹಿಡಿತ ತಪ್ಪಿ ಪಿಸ್ಟನ್ ಮುಂದಕ್ಕೆ ಚಿಮ್ಮುತ್ತದೆ, ಮುಂದಿದ್ದ ಗಾಳಿ ಗುಂಡನ್ನು ದೂಡುತ್ತದೆ.

ಹಾಗಾದರೆ ಒಂದೇ ಗುಂಡಿಗೆ ನಿಲ್ಲುವುದು ಹೇಗೆ? ಆ ಕೊನೆಯ ಗೇರಿನ ಮೈಯಲ್ಲಿ ಒಂದು ಉಬ್ಬು ಇದೆ. ಒಂದು ಸುತ್ತು ಬಂದಾಗ ಆ ಉಬ್ಬು ಪಕ್ಕದ ಒಂದು ಸಣ್ಣ ಲಿವರಿನ ತುದಿಯನ್ನು ನೂಕುತ್ತದೆ. ಲಿವರು ಜಾರುವ ತುಂಡನ್ನು ಟ್ರಿಗರಿನಿಂದ ಮೇಲಕ್ಕೆತ್ತಿ ಬಿಡಿಸಿಬಿಡುತ್ತದೆ. ತುಂಡು ತನ್ನ ಜಾಗಕ್ಕೆ ಜಿಗಿಯುತ್ತದೆ, ಕರೆಂಟು ಕಡಿಯುತ್ತದೆ, ಮೋಟಾರು ನಿಲ್ಲುತ್ತದೆ. ಬೆರಳನ್ನು ಎಷ್ಟು ಬಿಗಿ ಹಿಡಿದರೂ ಮತ್ತೊಂದು ಗುಂಡು ಹೋಗುವುದಿಲ್ಲ. ಬೆರಳು ಬಿಟ್ಟು ಮತ್ತೆ ಒತ್ತಬೇಕು. ಸೆಲೆಕ್ಟರನ್ನು ಸತತ ಗುಂಡಿಗೆ ತಿರುಗಿಸಿದರೆ ಹೊರಗಿನ ಒಂದು ಜಾರುಪಟ್ಟಿ ಆ ಲಿವರನ್ನು ಉಬ್ಬಿಗೆ ಸಿಗದ ಹಾಗೆ ದೂರ ಹಿಡಿದಿಡುತ್ತದೆ. ತಡೆಯುವವರಿಲ್ಲದೆ ಗೇರು ಸುತ್ತುತ್ತಲೇ ಇರುತ್ತದೆ. ಬೀಗಕ್ಕೆ, ಅಂದರೆ ಸೇಫ್ಟಿಗೆ, ತಿರುಗಿಸಿದರೆ ಅದೇ ಪಟ್ಟಿ ಟ್ರಿಗರಿಗೆ ಅಡ್ಡ ಬಂದು ಅದು ಅಲುಗಾಡುವುದೇ ಇಲ್ಲ. ಇಷ್ಟೆಲ್ಲ ಒಂದು ಅಂಗೈಯಗಲದ ಪೆಟ್ಟಿಗೆಯಲ್ಲಿ!

ಕೆಟ್ಟಿದ್ದು ಆ ಲಿವರು. ತುದಿ ಸವೆದು, ಉಬ್ಬು ಅದನ್ನು ಮುಟ್ಟದೆ ಹಾದುಹೋಗುತ್ತಿತ್ತು. ಒಂದು ಹಿತ್ತಾಳೆಯ ಚೂರನ್ನು ಅರದಿಂದ ಉಜ್ಜಿ ಅಳತೆಗೆ ತಂದು, ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚುವ ಅಂಟಿನಿಂದ ತುದಿಗೆ ಕೂರಿಸಿದೆ. ಆ ಅಂಟು ಒಂದು ಹಗಲು ಒಂದು ರಾತ್ರಿ ಒಣಗಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಊಟ ಮುಗಿಸಿ ಬಂದು ಉಗುರಿನಿಂದ ಒತ್ತಿ ನೋಡಿದೆ. ಗಟ್ಟಿಯಾಗಿದೆ ಅನ್ನಿಸಿತು. ಅನ್ನಿಸಬೇಕೆಂದು ನಾನೇ ಬಯಸಿದ್ದೆ.

ಜೋಡಿಸಿ, ಗುಂಡು ತುಂಬದೆ ಕೋಣೆಯಲ್ಲೇ ಒತ್ತಿದೆ. ಟಕ್. ಬಿಟ್ಟು ಮತ್ತೆ ಒತ್ತಿದೆ. ಟಕ್. ಕುಣಿಯುವಷ್ಟು ಖುಷಿಯಾಯಿತು. ಸದ್ದು ಕೇಳಿ ಟೀಚರ್ ಮೆಟ್ಟಿಲೇರಿ ಬಂದರು. ಬಂದೂಕನ್ನು ಕಂಡು ಹಣೆಗೂ ಎದೆಗೂ ಶಿಲುಬೆಯ ಗುರುತು ಹಾಕಿಕೊಂಡರು.

"ಇದೆಂಥದು ಮೋಳೇ?" ಮಗಳೇ ಎಂಬುದನ್ನು ಅವರು ಯಾವಾಗಲೂ ಮಲಯಾಳದಲ್ಲೇ ಹೇಳುತ್ತಿದ್ದರು.

"ಆಟದ್ದು ಟೀಚರ್. ಕೆಟ್ಟಿತ್ತು, ರಿಪೇರಿ ಮಾಡಿದೆ."

"ಆಟದ್ದು ಆದ್ರೆ ಆಟದ್ದರ ಹಾಗೆ ಇರ್ಬೇಕು. ಇದನ್ನ ಯಾರಿಗೂ ತೋರಿಸ್ಬೇಡ" ಎಂದು ಕೆಳಗಿಳಿದು ಹೋದರು.

ಗಂಡ ಎರ್ನಾಕುಳಕ್ಕೆ ಯಾವುದೋ ಕೆಲಸಕ್ಕೆ ಹೋದ. ನಾನು ತಾರಸಿಗೆ ಹೋಗಿ, ನೀರಿನ ಟ್ಯಾಂಕಿಗೆ ಒಂದು ರಟ್ಟಿನ ಪೆಟ್ಟಿಗೆ ಒರಗಿಸಿ, ಗುಂಡು ತುಂಬಿ, ಸೆಲೆಕ್ಟರನ್ನು ಒಂದೊಂದೇ ಗುಂಡಿಗೆ ಇಟ್ಟು ಹಾರಿಸತೊಡಗಿದೆ. ಒಂದೊಂದಾಗಿ ಸರಿಯಾಗಿಯೇ ಹೋಗುತ್ತಿತ್ತು. ಆಮೇಲೆ ಒಂದು ಸಲ ಒತ್ತಿದಾಗ ಒಳಗೆ ಏನೋ ಕಳಚಿದ ಹಾಗಾಗಿ ಬಂದೂಕು ಡರ್ರ್ ಎಂದು ಓಡತೊಡಗಿತು. ಬೆಚ್ಚಿಬಿದ್ದೆ. ಬೆಚ್ಚಿದವಳ ಬೆರಳು ಸಡಿಲವಾಗಲಿಲ್ಲ, ಇನ್ನೂ ಬಿಗಿಯಾಯಿತು. ಕೈ ಪಕ್ಕಕ್ಕೆ ತಿರುಗಿತು. ಬಿಳಿ ಗುಂಡುಗಳ ಸಾಲೊಂದು ಗೋಡೆ ದಾಟಿ ಪಕ್ಕದ ಅಂಗಳಕ್ಕೆ ಹೋದದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಚೇಟ್ಟನ ಕೂಗು ಕೇಳಿತು.

ನಾನು ತಾರಸಿಯ ನೆಲದ ಮೇಲೆ ಕುಳಿತುಬಿಟ್ಟೆ. ಗೋಡೆಯ ಬಳಿ ಹೋಗಿ, "ಚೇಟ್ಟಾ, ನಾನೇ, ತಪ್ಪಾಯಿತು" ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬದಲಿಗೆ ಬಾಗಿ ಬಾಗಿ ಮೆಟ್ಟಿಲಿಳಿದು ಬಂದು, ಬಂದೂಕನ್ನು ಮಂಚದಡಿಗೆ ತಳ್ಳಿದೆ.

ಅತಿಥಿಗಳು ಆಗ ಸಮುದ್ರದ ಕಡೆ ಹೋಗಿದ್ದರು. ಚೇಚ್ಚಿ ಒಳಗೆ ಮಿಕ್ಸಿಯಲ್ಲಿ ಏನೋ ಅರೆಯುತ್ತಿದ್ದರಿಂದ ಅವರಿಗೆ ಏನೂ ಕೇಳಿಸಿರಲಿಲ್ಲ. ಮೇಜಿಗೆ ಬಟ್ಟೆ ಹಾಸುತ್ತಿದ್ದ ಚೇಟ್ಟನ ಕುತ್ತಿಗೆಗೆ ಗುಂಡು ತಾಗಿತ್ತು. ತಾಗಿ ಬಿದ್ದ ಗುಂಡುಗಳೆಲ್ಲ ಬಿಳಿ ಕಲ್ಲುಗಳ ನಡುವೆ ಸೇರಿ ಕಾಣದಾಗಿದ್ದವು. ವಿದೇಶಿಗಳನ್ನು ಇಟ್ಟುಕೊಂಡವರು ಏನು ನಡೆದರೂ ತಿಳಿಸಬೇಕೆಂದು ಠಾಣೆಯವರು ಹೇಳಿಟ್ಟಿದ್ದರು. ಅದರಂತೆ ಚೇಟ್ಟ ಫೋನ್ ಮಾಡಿದರು. ಒಬ್ಬ ಪೊಲೀಸ್ ಬೈಕಿನಲ್ಲಿ ಬಂದ. ಅಂಗಳ ನೋಡಿ, ಏನೂ ಕಾಣದೆ, ನಮ್ಮ ಗೇಟಿಗೂ ಬಂದ.

ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳುತ್ತಿದ್ದೆ.

"ಟೀಚರೇ, ಗುಂಡು ಹಾರಿಸಿದ ಹಾಗೆ ಏನಾದರೂ ಸದ್ದು ಕೇಳಿತೋ?"

ಅವರು ಸ್ವಲ್ಪವೂ ತಡಮಾಡಲಿಲ್ಲ. "ಸದ್ದೋ? ನನ್ನ ತಯ್ಯಲ್ ಮೆಷಿನ್ ಸದ್ದು ಇರಬಹುದು. ಕರ್ಟನ್ ಹೊಲಿಯುತ್ತಿದ್ದೆ."

ಹೊಲಿಗೆ ಯಂತ್ರ ಅವರ ಮನೆಯಲ್ಲಿ ಇದ್ದದ್ದು ನಿಜ. ಅಂದು ಅದರ ಮೇಲಿನ ಮುಚ್ಚಳ ತೆಗೆದಿರಲಿಲ್ಲ. ಆದರೆ ಟೀಚರ್ ಸುಳ್ಳು ಹೇಳುತ್ತಾರೆಂದು ಆ ಬೀದಿಯಲ್ಲಿ ಯಾರು ತಾನೇ ನೆನೆಸಿಯಾರು? ಪೊಲೀಸ್ ನಗುತ್ತ ಹಿಂದಿರುಗಿದ. ಗೋಡೆಯ ಆಚೆ ಅವನು ಚೇಟ್ಟನಿಗೆ ಹೇಳಿದ ಮಾತೂ ನನಗೆ ಕೇಳಿಸಿತು. "ಪಿನ್ನೆಯುಂ ತುಡಂಗಿಯೋ?" ಕುಡಿತ ಮತ್ತೆ ಶುರುವಾಯಿತೇ ಎಂದು.

"ಇಲ್ಲ ಸಾರೇ, ಕುತ್ತಿಗೆ ನೋಡಿ, ಕೆಂಪಗಾಗಿದೆ."

"ಇರುವೆ ಕಚ್ಚಿರಬೇಕು."

ಪೊಲೀಸ್ ಬಂದನೆಂದು ಗೇಟಿನ ಬಳಿ ಸೇರಿದ್ದ ಬೀದಿಯವರು ನಕ್ಕರು. ನಾನು ಇನ್ನೂ ಮೆಟ್ಟಿಲ ಮೇಲೇ ಇದ್ದೆ. ನಾಲ್ಕು ಹೆಜ್ಜೆ ಇಳಿದರೆ ಬಾಗಿಲು. ಇಳಿಯಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಅವನು ಹೆದರಿದ. "ಈಗ ಹೋಗಿ ಹೇಳಿದ್ರೆ ಕೇಸ್ ಆಗತ್ತೆ. ನಾವು ಹೊರಗಿನೋರು ಬೇರೆ. ಟೀಚರ್ ಹೆಸರೂ ಬರತ್ತೆ. ಯಾರಿಗೂ ಏನೂ ಆಗಿಲ್ವಲ್ಲ, ಬಿಟ್ಬಿಡು. ಆ ಲಿವರ್ ಕಳಚಿಕೊಂಡ್ರೆ ನೀನೇನು ಮಾಡೋಕಾಗತ್ತೆ?"

ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಿದೆ. ಅವನೆಂದ ಹಾಗೆಯೇ ಹಿತ್ತಾಳೆಯ ಚೂರು ಕಿತ್ತುಬಂದು ಗ್ರೀಸಿನಲ್ಲಿ ಅಂಟಿಕೊಂಡಿತ್ತು. ಅದನ್ನು ಹೊರತೆಗೆದು ಬಂದೂಕನ್ನು ಹಾಗೆಯೇ ಮತ್ತೆ ಜೋಡಿಸಿಟ್ಟೆ. ಆ ಚೂರಿನ ಮೇಲೆ ತಪ್ಪು ಹೊರಿಸಲು ನನಗೂ ಮನಸ್ಸಾಯಿತು. ಆದರೆ ಲಿವರು ಕೆಲಸ ಮಾಡದಿದ್ದರೂ ಬೆರಳು ಬಿಟ್ಟಿದ್ದರೆ ಬಂದೂಕು ನಿಲ್ಲುತ್ತಿತ್ತು. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಕುಳಿತು ತಿಳಿದುಕೊಂಡದ್ದೇ ಅದು. ತಿಳಿದವಳ ಬೆರಳೇ ಬಿಡಲಿಲ್ಲ.

ಮರುದಿನ ಹೋಂಸ್ಟೇಯ ಅತಿಥಿಗಳು ಸಾಮಾನು ಕಟ್ಟಿಕೊಂಡು ಹೊರಟರು. ಮನೆಗೆ ಪೊಲೀಸ್ ಬಂದಿದ್ದನೆಂದು ಅವರಿಗೆ ಗೊತ್ತಾಗಿತ್ತು. ಚೇಟ್ಟ ಅವರ ಚೀಲಗಳನ್ನು ಆಟೋಗೆ ಏರಿಸಿ, ಕೈಮುಗಿದು, ಆಟೋ ತಿರುಗಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು. ನಾನು ಕಿಟಕಿಯಿಂದ ನೋಡಿ ಪರದೆ ಎಳೆದೆ.

ಆ ವಾರ ತಿರುವನಂತಪುರದಲ್ಲಿ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಂದೂಕು ಕೊಟ್ಟ ಸಹೋದ್ಯೋಗಿ ಕ್ಯಾಂಟೀನಿನಲ್ಲಿ, "ಸರಿಯಾಯಿತಾ?" ಎಂದು ಕೇಳಿದ. ಆಯಿತು ಎಂದೆ. ಹೇಗೆ ಮಾಡಿದೆ ಎಂದು ಕುತೂಹಲದಿಂದ ವಿಚಾರಿಸಿದ, ನಾನು ಪೇಪರ್ ಕರವಸ್ತ್ರದ ಮೇಲೆ ಲಿವರಿನ ಚಿತ್ರ ಬರೆದು ವಿವರಿಸಿದೆ. ಬರೆಯುತ್ತ ಬರೆಯುತ್ತ ನನ್ನ ದನಿಯಲ್ಲಿ ಮತ್ತೆ ಅದೇ ಖುಷಿ ಬಂದುಬಿಟ್ಟಿದ್ದು ಗೊತ್ತಾಗಿ, ಚಿತ್ರವನ್ನು ಮುದುಡಿ ತಟ್ಟೆಯಲ್ಲಿ ಹಾಕಿದೆ. ಒಬ್ಬರ ಮಾನ ಕಳೆದ ಮೇಲೂ ಆ ಯಂತ್ರ ಚೆಂದವೆಂದೇ ಕಾಣುತ್ತಿತ್ತು. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕುಟುಕಿತು.

ವಾರದ ನಡುವೆ ಗಂಡ ಫೋನ್ ಮಾಡಿದ. "ಪಕ್ಕದ ಮನೇಲಿ ಗಲಾಟೆ ಕಣೇ. ಚೇಚ್ಚಿ ಅಳ್ತಾ ಇದ್ರು." ಯಾಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಶನಿವಾರ ಬೆಳಗ್ಗೆ ಟೀಚರ್ ಕೆಳಗಿನಿಂದ ಕರೆದರು. ಅಡುಗೆಮನೆಯಲ್ಲಿ ಕುಳಿತಿದ್ದರು, ಮುಂದೆ ಚಹಾ ಆರಿಹೋಗಿತ್ತು.

"ಭಾನುವಾರ ಪಳ್ಳಿಗೆ, ಚರ್ಚಿಗೆ ಹೋಗಿದ್ದೆ. ಎಲ್ರೂ ಕುರ್ಬಾನದ ಪ್ರಸಾದ ತಗೊಳ್ಳೋಕೆ ಎದ್ದು ಹೋದ್ರು. ಸುಳ್ಳು ಹೇಳಿದ ಬಾಯಲ್ಲಿ ಅದನ್ನ ಹೇಗೆ ತಗೊಳ್ಳೋದು ಅಂತ ನಾನು ಬೆಂಚಿಂದ ಏಳಲಿಲ್ಲ" ಎಂದರು. "ಪಕ್ಕದಲ್ಲಿದ್ದೋರು ಕಾಲು ನೋವಾ ಅಂತ ಕೇಳಿದ್ರು. ಹೌದು ಅಂದೆ. ನೋಡು, ಅಲ್ಲೂ ಒಂದು ಸುಳ್ಳು."

"ನನಗೋಸ್ಕರ ಹೇಳಿದ್ರಿ ಟೀಚರ್" ಎಂದೆ.

"ನಿನಗೋಸ್ಕರ ಅಂತ ನೀನು ದೊಡ್ಡದು ಮಾಡ್ಕೋಬೇಡ. ಹಾಸ್ಟೆಲ್ ಹುಡುಗೀರನ್ನ ಕಾಪಾಡಿ ಕಾಪಾಡಿ ನನ್ನ ಬಾಯಿಗೆ ಅಭ್ಯಾಸ. ಗೇಟಲ್ಲಿ ಯಾರಾದ್ರೂ ಬಂದು ಕೇಳಿದ್ರೆ, ನಮ್ಮ ಹುಡುಗಿ ಏನೂ ಮಾಡಿಲ್ಲ ಅಂತ ಬಂದುಬಿಡ್ತದೆ. ಆ ಪಾಪದವನ ಕಡೆ ನಾನು ನೋಡಲೇ ಇಲ್ಲ." ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿ, "ಅಚ್ಚನ್ ಹತ್ರ, ಪಾದ್ರಿ ಹತ್ರ ಹೇಳಿದ್ರೆ ದೇವರು ಕ್ಷಮಿಸ್ತಾನೆ. ಪಕ್ಕದ ಮನೆಯೋನು? ಹೋಗು, ಅದನ್ನ ತಗೊಂಡು ಬಾ" ಎಂದರು.

ಸೀರೆಯಲ್ಲಿ ಸುತ್ತಿದ ಬಂದೂಕನ್ನು ಎದೆಗವಚಿಕೊಂಡು ನಾನು ಅವರ ಹಿಂದೆ ನಡೆದೆ. ಗಂಡನೂ ಬಂದ. ಬೇಡ ಎಂದು ಈ ಬಾರಿ ಅವನು ಹೇಳಲಿಲ್ಲ.

ಚೇಟ್ಟ ಅಂಗಳದ ಕುರ್ಚಿಯಲ್ಲಿದ್ದರು, ಗಡ್ಡ ಬೋಳಿಸಿರಲಿಲ್ಲ. ಟೀಚರನ್ನು ಕಂಡು ಎದ್ದು ನಿಂತು ಮುಂಡು ಸರಿಮಾಡಿಕೊಂಡರು. ಟೀಚರ್ ಕೂರಲಿಲ್ಲ. "ನಿನ್ನ ಹೆಂಡತಿಯನ್ನ ಕರಿ" ಎಂದರು. ಚೇಚ್ಚಿ ಕೈ ಒರೆಸಿಕೊಳ್ಳುತ್ತ ಬಂದ ಮೇಲೆ, ಇಬ್ಬರ ಮುಂದೆ, ಪಾಠ ಒಪ್ಪಿಸುವ ಮಗುವಿನಂತೆ ನೆಟ್ಟಗೆ ನಿಂತು ಮಲಯಾಳದಲ್ಲಿ ಹೇಳಿದರು: "ಅಂದು ನಾನು ಹೊಲಿಯುತ್ತಿರಲಿಲ್ಲ. ಪೊಲೀಸಿಗೆ ಸುಳ್ಳು ಹೇಳಿದೆ. ನೀನು ಹೇಳಿದ್ದು ನಿಜ."

ಚೇಟ್ಟ ಅವರ ಮುಖವನ್ನೇ ನೋಡಿದರು. "ಹಾಗಾದರೆ ಹಾರಿಸಿದ್ದು?"

"ನಾನು" ಎಂದೆ. ನನ್ನ ಮಲಯಾಳ ಹರಕು. ಬಂದೂಕಿಗೆ ಸುತ್ತಿದ್ದ ಸೀರೆ ಬಿಚ್ಚಿದೆ.

ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಬಂದೂಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದು ಹೇಗೆ?" ಎಂದರು. ಗುಂಡು ತುಂಬದೆಯೇ ತೋರಿಸಿದೆ. ಇದು ಬೀಗ, ಇದು ಒಂದೊಂದು, ಇದು ಸತತ. ನಾನು ಒಂದೊಂದಕ್ಕೆ ಇಟ್ಟಿದ್ದೆ, ಒಳಗಿನ ಲಿವರು ಕಳಚಿದ್ದರಿಂದ ಹಾಗಾಯಿತು ಎಂದೆ. ಹೇಳುವಾಗಲೇ ಅದು ನೆಪದ ಹಾಗೆ ಕೇಳಿಸಿತು. ಅವರು ತಾವೇ ಟ್ರಿಗರ್ ಒತ್ತಿದರು. ಡರ್ರ್ ಎಂದಿತು. ಬೆರಳು ಬಿಟ್ಟರು. ನಿಂತಿತು.

"ಬಿಟ್ಟರೆ ನಿಲ್ಲುತ್ತದಲ್ಲ" ಎಂದರು. ಕುಹಕವಿರಲಿಲ್ಲ, ಕಂಡದ್ದನ್ನು ಹೇಳಿದರು ಅಷ್ಟೆ.

ಆಮೇಲೆ ಅವರು ಬಗ್ಗಿ, ಬಿಳಿ ಕಲ್ಲುಗಳನ್ನು ಅಂಗೈಯಿಂದ ಸರಿಸುತ್ತ ಸರಿಸುತ್ತ, ಅವುಗಳ ನಡುವಿಂದ ಒಂದು ಗುಂಡನ್ನು ಹೆಕ್ಕಿದರು. ಹೆಂಡತಿಯ ಅಂಗೈಯಲ್ಲಿ ಅದನ್ನಿಟ್ಟು, "ಕಂಡೋ?" ನೋಡಿದೆಯಾ ಎಂದರು. ಚೇಚ್ಚಿ ಅದನ್ನು ನೋಡಿದರು, ನೋಡಿ ಅಳತೊಡಗಿದರು. ಅತ್ತು ಮುಗಿದ ಮೇಲೆ ನನ್ನ ಕಡೆ ತಿರುಗಿ, ನನಗೆ ಅರ್ಥವಾಗಲೆಂದು ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದರು: "ಅಂದು ಇವರು ಕುಡಿದಿರಲಿಲ್ಲ ಮೋಳೇ. ನಾನೂ ನಂಬಲಿಲ್ಲ. ಬಾಯಿ ಮೂಸಿ ನೋಡಿದೆ. ಅತಿಥಿಗಳು ಹೋದ ದಿನ ಹೋಗಿ ಕುಡಿದು ಬಂದರು."

ಟೀಚರ್ ಅಲ್ಲಿದ್ದ ಕುರ್ಚಿಯಲ್ಲಿ ಮೆಲ್ಲಗೆ ಕುಳಿತರು.

ಆ ಮಧ್ಯಾಹ್ನ ನಾನು, ಗಂಡ, ಟೀಚರ್ ಮೂವರೂ ಠಾಣೆಗೆ ಹೋದೆವು. ಅದೇ ಪೊಲೀಸ್ ಇದ್ದ. ನನಗೂ ಗಂಡನಿಗೂ ಚೆನ್ನಾಗಿ ಉಗಿದ. ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ, ಯಾರದಾದರೂ ಕಣ್ಣಿಗೆ ಬಿದ್ದಿದ್ದರೆ ಏನು ಗತಿ ಎಂದ. ಬಂದೂಕನ್ನು ಅಲ್ಲೇ ಇಟ್ಟುಕೊಂಡ. ಟೀಚರಿಗೆ ಮಾತ್ರ ಏನೂ ಅನ್ನಲಾರದೆ, "ಟೀಚರ್ ಯಾಕೆ ಬಂದಿರಿ ಇಷ್ಟು ಬಿಸಿಲಲ್ಲಿ" ಎಂದ. ಅವರು, "ನೀನು ಅವನಲ್ಲಿಗೆ ಹೋಗಿ, ತಪ್ಪು ನಿನ್ನದಲ್ಲ ಅಂತ ಬೀದಿಯವರ ಮುಂದೆ ಹೇಳಬೇಕು, ಅದಕ್ಕೆ ಬಂದೆ" ಎಂದರು. ಅವನು ಸಂಜೆ ಬಂದು ಹೇಳಿದ. ಹೇಳುವಾಗ ಅಂದು ನಕ್ಕವರಲ್ಲಿ ಅರ್ಧ ಜನ ಅಲ್ಲಿರಲಿಲ್ಲ.

ಟೀಚರ್ ಮರುದಿನ ಪಳ್ಳಿಗೆ ಹೋಗಿ ಬಂದರು. ಮುಖ ಹಗುರವಾಗಿತ್ತು. ನನಗೆ ಹೋಗಿ ಹೇಳಿಕೊಳ್ಳುವಂಥ ಜಾಗವಿರಲಿಲ್ಲ. ಅಥವಾ ಹೇಳಿಕೊಂಡ ಮೇಲೂ ಹೋಗದ್ದು ಉಳಿದಿತ್ತು. ಚೇಟ್ಟ ಕುಡಿತ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟರು. ಪ್ರತಿ ಶುಕ್ರವಾರ ರೈಲಿಳಿದು ಬರುವಾಗ ನಾನು ಮೊದಲು ನೋಡುತ್ತಿದ್ದದ್ದು ಅವರ ಅಂಗಳವನ್ನು. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಆ ವಾರ ಚೆನ್ನಾಗಿದೆ ಎಂದರ್ಥ. ಹೊಸ ಅತಿಥಿಗಳೂ ಬಂದರು. ಕರಿಮೀನಿನ ತಟ್ಟೆಯೂ ಗೋಡೆಯ ಮೇಲಿಂದ ಮತ್ತೆ ಬರತೊಡಗಿತು. ಅದನ್ನು ಕೈನೀಡಿ ತೆಗೆದುಕೊಳ್ಳುವುದು ನನಗೆ ಮೊದಲಿನ ಹಾಗೆ ಸುಲಭವಿರಲಿಲ್ಲ.

ನಾವು ಕೊಚ್ಚಿ ಬಿಟ್ಟದ್ದು ಅದಾದ ಒಂದೆರಡು ವರ್ಷಗಳ ಮೇಲೆ, ಗಂಡನಿಗೂ ತಿರುವನಂತಪುರದಲ್ಲಿ ಕೆಲಸ ಸಿಕ್ಕಾಗ. ಲಾರಿ ಬಂದ ದಿನ ಚೇಟ್ಟ ಕರೆಯದೆಯೇ ಬಂದು ಬೀರುವಿನ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ನಾನು ಹಿಡಿದಿದ್ದೆ. ಮೆಟ್ಟಿಲ ತಿರುವಿನಲ್ಲಿ ಅವರ ಮುಖ ನನ್ನ ಮುಖದ ಹತ್ತಿರ ಬಂದಾಗ ನನಗೇ ತಿಳಿಯದೆ ಉಸಿರೆಳೆದು ವಾಸನೆ ನೋಡಿದೆ. ಅವರಿಗೆ ಗೊತ್ತಾಯಿತು. ಬೀರುವನ್ನು ಮೆಟ್ಟಿಲ ಮೇಲೆ ಊರಿ ಒಂದು ಕ್ಷಣ ನಿಂತು, "ಇಲ್ಲ ಮೋಳೇ" ಎಂದರು. ಆಮೇಲೆ, "ಹುಷಾರು, ಕಾಲಡಿ ನೋಡಿ ಇಳಿ" ಎಂದು ತಾವು ಹಿಮ್ಮುಖವಾಗಿ ಇಳಿಯತೊಡಗಿದರು.